ಒಂದು ವರ್ಷ ಹೊರದೇಶದಲ್ಲಿ ವಾಲಂಟಿಯರ್ ಆಗಿ, ಅಲ್ಲಿಯವರ ಮನೆಯಲ್ಲೇ ಇರಬೇಕು ಅಂತಿದೀನಿ. ಹೋಗಿ ಬಂದವರು ಹೇಳಿ

ದೂರದಾರಿ
ಎಲ್ಲರಿಗೂ ನಮಸ್ಕಾರ. ಬಹಳ ದಿನದಿಂದ ಇಲ್ಲಿ ಸುಮ್ಮನೆ ಓದ್ತಿದ್ದೆ, ಬರೆಯೋದು ಇದೇ ಮೊದಲು. ಪ್ರೌಢಶಾಲೆಯಲ್ಲಿ ಗಣಿತ ಪಾಠ ಮಾಡ್ತೀನಿ. ಒಂದು ವರ್ಷ ಸಂಬಳವಿಲ್ಲದ ರಜೆ ಸಿಗೋ ಹಾಗಿದೆ. ಹೊರದೇಶದಲ್ಲಿ ಎಲ್ಲಾದ್ರೂ ಸ್ವಯಂಸೇವೆ ಮಾಡಬೇಕು, ಹಾಸ್ಟೆಲ್ಲು ಗೆಸ್ಟ್‌ಹೌಸು ಬೇಡ, ಅಲ್ಲಿಯವರ ಮನೆಯಲ್ಲೇ ಇದ್ದು ಅವರ ಥರಾನೇ ದಿನ ಕಳೀಬೇಕು ಅನ್ನೋದು ಕಾಲೇಜಿನ ಕಾಲದಿಂದ ತಲೇಲಿ ಕೂತಿದೆ.

ಈಗ ಎರಡು ದಾರಿ ಇವೆ. ಒಂದು, ಏಜೆನ್ಸಿಯ ಮೂಲಕ ಕಾಂಬೋಡಿಯಾದ ಮಕ್ಕಳ ಆಶ್ರಮದಲ್ಲಿ ಮೂರು ವಾರ. ಶುಲ್ಕ ನಾನೇ ಕಟ್ಟಬೇಕು. ದುಡ್ಡು ಕಟ್ಟಿದ್ರೆ ಮುಂದಿನ ತಿಂಗಳೇ ಹೋಗಬಹುದಂತೆ. ಇನ್ನೊಂದು ಟಾಂಜಾನಿಯಾದ ಹಳ್ಳಿಯೊಂದರ ಪ್ರೌಢಶಾಲೆ, ಪೂರ್ತಿ ವರ್ಷ, ಒಂದು ಕುಟುಂಬದ ಜೊತೆ ವಾಸ. ಇವರದ್ದು ಮಾತ್ರ ಸಂದರ್ಶನ, ಪೊಲೀಸ್ ದೃಢೀಕರಣ, ಹಳೇ ಮುಖ್ಯೋಪಾಧ್ಯಾಯರ ಪತ್ರ ಅಂತ ಮುಗಿಯೋದೇ ಇಲ್ಲ. ಮೊದಲು ಮೂರು ವಾರದ್ದು ಮಾಡಿ ಒಗ್ಗುತ್ತಾ ನೋಡಿ, ಆಮೇಲೆ ದೊಡ್ಡದಕ್ಕೆ ಕೈ ಹಾಕೋದು ಅಂತ ನನ್ನ ಲೆಕ್ಕ. ನನ್ನಿಂದ ಅವರಿಗೆ ಏನು ಉಪಯೋಗ ಆಗಬಹುದು, ಏನೇನು ಕಲಿತು ಹೋಗಬೇಕು, ಸ್ವಲ್ಪ ತಿಳಿಸಿ.

ಹಳೇಚಪ್ಪಲಿ
ಗುರು, ಆಶ್ರಮದ್ದು ಬಿಟ್ಟುಬಿಡು. ಒಗ್ಗುತ್ತಾ ನೋಡೋಕೆ ಮಕ್ಕಳನ್ನ ಬಳಸ್ಕೋಬಾರದು.

ಕಾಂಬೋಡಿಯಾದ ಹೆಸರು ಬಂದಿದ್ದಕ್ಕೇ ಹೇಳ್ತೀನಿ. ಅಲ್ಲಿನ ಸರ್ಕಾರ ಮತ್ತು ಯುನಿಸೆಫ್ ಸೇರಿ 2011ರಲ್ಲಿ ಒಂದು ವರದಿ ತಂದ್ರು. ಇಂಥ ಆಶ್ರಮಗಳಲ್ಲಿದ್ದ ಮಕ್ಕಳಲ್ಲಿ ಹೆಚ್ಚುಕಮ್ಮಿ ಮುಕ್ಕಾಲು ಪಾಲು ಮಕ್ಕಳಿಗೆ ಅಪ್ಪ ಇಲ್ಲವೇ ಅಮ್ಮ ಬದುಕಿದ್ರು. ಅದಕ್ಕೂ ಹಿಂದಿನ ಐದಾರು ವರ್ಷಗಳಲ್ಲಿ ದೇಶಕ್ಕೆ ಪ್ರವಾಸಿಗರು ಹೆಚ್ಚಾದ ಹಾಗೆ ಆಶ್ರಮಗಳೂ ಹೆಚ್ಚಾಗಿದ್ವು. ಅಂದ್ರೆ ಅನಾಥರು ಹೆಚ್ಚಾಗಿ ಆಶ್ರಮ ಬಂದದ್ದಲ್ಲ. ನೋಡೋಕೆ ಬರೋರು ಹೆಚ್ಚಾದ್ರು, ಅವರಿಗೆ ತೋರಿಸೋಕೆ ಮಕ್ಕಳು ಬೇಕಾದ್ರು. ಬಡವರ ಮನೆಗೆ ಹೋಗಿ ಓದಿಸ್ತೀವಿ ಅಂತ ಹೇಳಿ ಮಕ್ಕಳನ್ನ ಕರ್ಕೊಂಡು ಬರೋದು. 2017ರಲ್ಲಿ ಆಸ್ಟ್ರೇಲಿಯಾದ ಸಂಸತ್ ಸಮಿತಿ ಆಧುನಿಕ ಗುಲಾಮಗಿರಿ ಬಗ್ಗೆ ವಿಚಾರಣೆ ಮಾಡಿದಾಗ ಈ ಆಶ್ರಮದ ದಂಧೆಯನ್ನೂ ಅದರೊಳಗೇ ಎತ್ತಿಕೊಂಡಿತ್ತು. 2019ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಮಕ್ಕಳ ಹಕ್ಕಿನ ಠರಾವಿನಲ್ಲಿ ಅನಾಥಾಲಯ ಪ್ರವಾಸದ ಅಪಾಯವನ್ನ ಹೇಳಿತು.

ಅದೆಲ್ಲ ಇಲ್ಲದೆ ಪ್ರಾಮಾಣಿಕವಾಗಿ ನಡೆಸೋ ಆಶ್ರಮವೇ ಅನ್ನು. ಮೂರು ವಾರಕ್ಕೊಬ್ಬ ಹೊಸ ಅಣ್ಣ, ಹೊಸ ಅಕ್ಕ ಬಂದು ಎತ್ತಿ ಆಡಿಸಿ ವಿಮಾನ ಹತ್ತಿದ್ರೆ ಆ ಮಗು ಯಾರನ್ನ ನಂಬಬೇಕು?

ಪೊಲೀಸ್ ದೃಢೀಕರಣ ಕೇಳ್ತಾರೆ ಅಂತ ಬೇಜಾರು ಮಾಡ್ಕೊಂಡಿದೀಯ. ಮಕ್ಕಳ ಹತ್ರ ಬಿಡೋಕೆ ಅದನ್ನ ಕೇಳದೆ ಇರೋರ ಮೇಲೆ ನಿನಗೆ ಅನುಮಾನ ಬರಬೇಕಿತ್ತು.

ದೂರದಾರಿ
ಈ ದಿಕ್ಕಿನಿಂದ ಯಾರೂ ಹೇಳಿರಲಿಲ್ಲ. ಧನ್ಯವಾದ. (ಅಂದ ಹಾಗೆ ನಾನು ಗುರು ಅಲ್ಲ, ಬೇಕಾದ್ರೆ ಗುರುಮಾತೆ ಅನ್ನಿ.) ಹಾಗಾದ್ರೆ ಮೂರು ವಾರ, ಒಂದು ತಿಂಗಳು ಹೋಗೋದೆಲ್ಲ ದಂಡವೇ?

ಹಳೇಚಪ್ಪಲಿ
ಕ್ಷಮಿಸಿ ಮೇಡಂ! ನನ್ನ ಕೇಳಿದ್ರೆ ದಂಡವೇ. ಬೇರೆಯವರು ಬೇರೆ ಹೇಳಬಹುದು.

ಗುದ್ದಲಿ
ನಾನು ಬೇರೆ ಹೇಳೋನು. ದಿನ ಕಮ್ಮಿ ಆದ್ರೆ ದಂಡ ಅನ್ನೋದು ತಪ್ಪು ಲೆಕ್ಕ. ಕೆಲಸ ಯಾವುದು, ಕರೆದವರು ಯಾರು, ಅದನ್ನ ನೋಡಿ. ಎರಡು ವಾರದಲ್ಲಿ ಮುಗಿಯೋ ಕೆಲಸವನ್ನ ಎರಡು ವಾರದಲ್ಲಿ ಮಾಡಿದ್ರೆ ಏನು ತಪ್ಪು? ಕಾಲುದಾರಿ ಸರಿ ಮಾಡೋದು, ಕಲ್ಲು ಹೊರೋದು, ಬೇಲಿ ಕಟ್ಟೋದು. ವರ್ಕ್‌ಕ್ಯಾಂಪ್ ಅನ್ನೋ ಪದ್ಧತಿಯೇ ಹಾಗೆ ಹುಟ್ಟಿದ್ದು.

ಅದರ ಕಥೆ ಗೊತ್ತಿರಲಿ. ಮೊದಲ ಮಹಾಯುದ್ಧ ಮುಗಿದ ಮೇಲೆ, 1920ರಲ್ಲಿ, ಫ್ರಾನ್ಸಿನ ವರ್ದುನ್ ಹತ್ತಿರ ಎಸ್ನ್ ಅನ್ನೋ ಹಳ್ಳಿಗೆ ಪಿಯೆರ್ ಸೆರೆಸೊಲ್ ಅನ್ನೋ ಸ್ವಿಸ್ ಮನುಷ್ಯ ಒಂದು ಸಣ್ಣ ಗುಂಪು ಕರ್ಕೊಂಡು ಹೋದ. ಗುಂಡು ಬಿದ್ದು ಊರು ನೆಲಸಮವಾಗಿತ್ತು. ಗುಂಪಿನಲ್ಲಿ ಜರ್ಮನ್ನರೂ ಇದ್ರು. ಅವರ ಸೈನ್ಯವೇ ಹಾಳು ಮಾಡಿದ್ದ ನೆಲದಲ್ಲಿ ಅವರೇ ಗುಂಡಿ ಮುಚ್ಚಿ, ವಾಸಕ್ಕೆ ಮರದ ಮನೆ ಎಬ್ಬಿಸಿದ್ರು. ಅದೇ ಮುಂದೆ ಸರ್ವಿಸ್ ಸಿವಿಲ್ ಇಂಟರ್‌ನ್ಯಾಷನಲ್ ಅನ್ನೋ ಸ್ವಯಂಸೇವಾ ಸಂಸ್ಥೆ ಆಯ್ತು. 1934ರ ಬಿಹಾರ ಭೂಕಂಪದ ಮೇಲೆ ಸೆರೆಸೊಲ್ ಅಲ್ಲಿಗೂ ಹೋಗಿ ಹಳ್ಳಿ ಕಟ್ಟೋ ಕೆಲಸ ಮಾಡಿದಾನೆ.

ಕಹಿಗುಳಿಗೆ
ಕಥೆಯ ಉಳಿದರ್ಧ ಯಾಕೆ ಬಿಟ್ರಿ ಸ್ವಾಮಿ? ಜರ್ಮನ್ನರು ಇರೋದು ಅಲ್ಲಿಯವರಿಗೆ ಸರಿ ಬರಲಿಲ್ಲ, 1921ರ ವಸಂತಕ್ಕೆ ಗಂಟುಮೂಟೆ ಕಟ್ಟಬೇಕಾಯ್ತು.

ಗುದ್ದಲಿ
ಬಿಟ್ಟಿಲ್ಲ, ಬರ್ತಿದ್ದೆ. ಮಗನನ್ನ ಕಳ್ಕೊಂಡವರ ಊರಿಗೆ ಶಾಂತಿ ಬೇಕು ಅಂತ ಹೋದ್ರೆ ಆ ಊರಿಗೆ ಅದು ಈಗಲೇ ಬೇಕಾ ಅಂತ ಕೇಳಬೇಕಿತ್ತು. ನೂರು ವರ್ಷದ ಹಿಂದಿನ ಮೊದಲ ಶಿಬಿರದಲ್ಲೇ ಆ ಪ್ರಶ್ನೆ ಎದ್ದಿದೆ, ಇವತ್ತಿಗೂ ಹಳತಾಗಿಲ್ಲ. ನಿಮ್ಮ ಒಳ್ಳೇತನ ಒಂದು ಕಡೆ, ಆ ಊರಿನ ಮನಸ್ಸು ಒಂದು ಕಡೆ.

ಬಿಸಿಲ್ಗುದುರೆ
ನಮಸ್ಕಾರ್ರೀ ಅಕ್ಕಾರ. ನಾ ಹೊಲದ ಮಂದಿ ಕಡೆ ಹೋಗಿದ್ದೆ. ವೂಫ್ ಅಂತಾರಲ್ರೀ, ಅದು. 1971ರಾಗ ಇಂಗ್ಲೆಂಡಿನ್ಯಾಗ ಸೂ ಕಾಪರ್ಡ್ ಅನ್ನೋ ಹೆಣ್ಮಗಳು ಚಾಲೂ ಮಾಡಿದ್ದು. ಆಕಿ ಲಂಡನ್ನಿನ ಆಫೀಸಿನ್ಯಾಗ ಕೆಲಸಕ್ಕಿದ್ಳು, ವಾರದ ಕಡೀಗೆ ಹೊಲದಾಗ ದುಡೀಬೇಕು ಅನ್ನೋ ಆಶಾ. ಈಗ ಎಷ್ಟೋ ದೇಶದಾಗ ಹಬ್ಬೇತಿ. ದಿನಕ್ಕ 4ರಿಂದ 6 ತಾಸು ದುಡಿಯೂದು, ಅದಕ್ಕ ಊಟ ಮತ್ತ ಮಲಗಾಕ ಜಾಗಾ. ರೊಕ್ಕ ಯಾರೂ ಯಾರಿಗೂ ಕೊಡಂಗಿಲ್ಲ.

ಇದು ಸೇವಾ ಅಲ್ರೀ, ಕೊಡೂ ತಗೊಳ್ಳೂ ವ್ಯವಹಾರ. ಹಂಗಂತ ಸಣ್ಣದ ಅಲ್ಲ. ನನಗ ಅದ ಛಲೋ ಅನಸ್ತು. ಯಾರೂ ಯಾರನ್ನೂ ಉದ್ಧಾರ ಮಾಡಾಕ ಬಂದಿರಂಗಿಲ್ಲ. ನೀ ಕಳೆ ಕಿತ್ತೀ, ಅವರು ಉಣಿಸಿದ್ರು, ಮುಗೀತು. ರಾತ್ರಿ ಒಂದ ಟೇಬಲ್‌ಗೆ ಕುಂತು ಹರಟಿ ಹೊಡಿಯೂ ಹೊತ್ತಿಗೆ ಎಲ್ಲಾರ ಬೆನ್ನೂ ಒಂದ ನಮೂನಿ ನೋಯ್ತಿರ್ತೈತಿ.

ವೀಸಾದ್ದು ಮಾತ್ರ ಹುಷಾರ್ರೀ. "ದುಡ್ಡು ತಗೊಳ್ಳಂಗಿಲ್ಲ, ಹಂಗಾರ ಟೂರಿಸ್ಟ್ ವೀಸಾ ಸಾಕು" ಅಂತ ಭಾಳ ಮಂದಿ ತಿಳ್ಕೊಂಡಾರ. ನ್ಯೂಜಿಲೆಂಡಿನ್ಯಾಗ ಊಟ-ವಸತಿ ಸಲುವಾಗಿ ದುಡದ್ರೂ ಅದು ಕೆಲಸನ ಅಂತ ಹಿಡೀತಾರ. ಬ್ರಿಟನ್ನಿನ್ಯಾಗ ವಿಸಿಟರ್ ಆಗಿ ಹೋದವರು ನೋಂದಣಿ ಆದ ಚಾರಿಟಿಗೆ 30 ದಿನದ ತನಕ ಅಷ್ಟ ವಾಲಂಟಿಯರ್ ಮಾಡಬಹುದು. ನಮ್ಮ ಜೋಡಿ ಇದ್ದ ಒಬ್ಬಾಂವನ್ನ ಇನ್ನೊಂದು ದೇಶದ ಏರ್‌ಪೋರ್ಟಿನ್ಯಾಗ ತಡದ್ರು. ಫೋನಿನ್ಯಾಗ ತೋಟದ ಮಾಲೀಕನ ಮೆಸೇಜ್ ನೋಡಿ ವಾಪಸ್ ಕಳಿಸೇಬಿಟ್ರು.

ಬಿಳಿಕೋಟು
ಟಾಂಜಾನಿಯಾಕ್ಕಾದ್ರೆ ವಾಲಂಟಿಯರ್‌ಗಳಿಗೆ ಕ್ಲಾಸ್ ಸಿ ಅನ್ನೋ ವಾಸದ ಪರವಾನಗಿ ಇದೆ, ಸಂಸ್ಥೆಯ ಹೆಸರಲ್ಲೇ ಅರ್ಜಿ ಹೋಗಬೇಕು. "ಬಂದ್ಮೇಲೆ ನೋಡೋಣ" ಅನ್ನೋರಾದ್ರೆ ಹೋಗಬೇಡಿ.

ನಾನು ನರ್ಸ್, ಆರೋಗ್ಯದ್ದು ಬೇಗ ಹೇಳಿ ಮುಗಿಸ್ತೀನಿ. ಹಳದಿ ಜ್ವರದ ಲಸಿಕೆ ಬಗ್ಗೆ ವಿಚಾರಿಸಿ. ಟಾಂಜಾನಿಯಾ ಅದನ್ನ ಕೇಳೋದು ಹಳದಿ ಜ್ವರ ಇರೋ ದೇಶದಿಂದ ಬರೋರನ್ನ. ಆದ್ರೆ ಇಥಿಯೋಪಿಯಾ ಅಥವಾ ಕೀನ್ಯಾದಲ್ಲಿ ವಿಮಾನ ಬದಲಿಸುವಾಗ 12 ಗಂಟೆ ಮೀರಿ ಕೂತರೆ ನೀವೂ ಆ ಲೆಕ್ಕಕ್ಕೆ ಬರ್ತೀರಿ. ಚುಚ್ಚಿಸಿ 10 ದಿನ ಆದ್ಮೇಲೇ ಕಾರ್ಡು ಚಾಲ್ತಿಗೆ ಬರೋದು. 2016ರಿಂದ ಅದು ಜೀವಮಾನಕ್ಕೆ ಸಾಕು, ಹತ್ತು ವರ್ಷಕ್ಕೆ ಮತ್ತೆ ಹಾಕಿಸಬೇಕಿಲ್ಲ. ಮಲೇರಿಯಾಕ್ಕೆ ಡಾಕ್ಸಿಸೈಕ್ಲಿನ್ ಬರೆದುಕೊಟ್ರೆ ಆ ಜಾಗ ಬಿಟ್ಟು ಬಂದ ಮೇಲೂ 4 ವಾರ ನುಂಗಬೇಕು, ಎಲ್ಲರೂ ಮರೆಯೋದು ಅದನ್ನೇ. ನಾಯಿ ಕಚ್ಚಿದ್ರೆ ಸೋಪು ಹಾಕಿ 15 ನಿಮಿಷ ಹರಿಯೋ ನೀರಲ್ಲಿ ತೊಳೀರಿ, ಆಮೇಲೆ ಆಸ್ಪತ್ರೆಗೆ ಓಡಿ. ಇನ್ಶೂರೆನ್ಸ್‌ನಲ್ಲಿ ತುರ್ತಾಗಿ ಬೇರೆ ದೇಶಕ್ಕೆ ಸಾಗಿಸೋ ಖರ್ಚು ಸೇರಿದ್ಯಾ ನೋಡಿ.

ಇನ್ನೊಂದು. "ಹೇಗೂ ಬಂದಿದೀರಲ್ಲ, ಕ್ಲಿನಿಕ್ಕಲ್ಲೂ ಸ್ವಲ್ಪ ಕೈ ಹಾಕಿ" ಅಂತ ಕರೀತಾರೆ. ನಿಮ್ಮ ಊರಲ್ಲಿ ನಿಮಗೆ ಮಾಡೋಕೆ ಬಿಡದ ಕೆಲಸ ಅಲ್ಲೂ ಮಾಡಬೇಡಿ. ಇಂಜೆಕ್ಷನ್ ಹಿಡಿಯೋಕೆ ಬಾರದ ಕಾಲೇಜು ಹುಡುಗರು ಅಲ್ಲಿ ಹೊಲಿಗೆ ಹಾಕೋಕೆ ನಿಂತಿದ್ದನ್ನ ಕಣ್ಣಾರೆ ನೋಡಿದೀನಿ. ರೋಗಿ ಬಡವ ಅಂದ ಮಾತ್ರಕ್ಕೆ ಅವನ ಚರ್ಮ ಅಭ್ಯಾಸದ ಹಾಳೆ ಆಗಲ್ಲ.

ಗೋಧೂಳಿ
ಇಲ್ಲಿವರೆಗೆ ಎಲ್ಲರೂ ಕೆಲಸ, ವೀಸಾ, ಲಸಿಕೆ ಹೇಳಿದ್ರು. ಅವರು ಕೇಳಿದ್ದು ಮನೆಯ ವಿಷಯ ಕೂಡ. ಅದು ನನಗೆ ಬಿಡಿ.

ನಾನಿದ್ದದ್ದು ಮಲಾವಿಯ ಒಂದು ಹಳ್ಳಿ. ಆರೋಗ್ಯ ಕೇಂದ್ರದ ಲೆಕ್ಕಪತ್ರ ನೋಡೋ ಕೆಲಸ. ಅದರ ಬಗ್ಗೆ ಹೇಳೋಕೆ ಹೆಚ್ಚೇನಿಲ್ಲ, ರಿಜಿಸ್ಟರ್ ಎಲ್ಲಿ ಹೋದ್ರೂ ರಿಜಿಸ್ಟರೇ.

ನಿಮಗೊಂದು ಕೋಣೆ ಕೊಡ್ತಾರೆ. ಅದು ನೀವು ಬರೋ ಮುಂಚೆ ಖಾಲಿ ಇತ್ತು ಅಂದ್ಕೋಬೇಡಿ. ನನಗೆ ಕೊಟ್ಟಿದ್ದು ಆ ಮನೆಯ ದೊಡ್ಡ ಮಗಳ ಕೋಣೆ. ಅವಳು ತಂಗಿಯರ ಚಾಪೆಗೆ ಹೋಗಿದ್ಲು. ಗೋಡೆಯ ಮೊಳೆಗೆ ಅವಳ ಶಾಲೆ ಯೂನಿಫಾರ್ಮ್ ಹಾಗೇ ಇತ್ತು. ಬೆಳಗಾಗೆದ್ದು ಬಾಗಿಲು ತಟ್ಟಿ, ನನ್ನ ಮುಖ ನೋಡದೆ ಅದನ್ನ ತಗೊಂಡು ಹೋಗೋಳು. ಮನೆಯವರು ನಗುನಗುತ್ತಾ ಸ್ವಾಗತ ಮಾಡಿದ್ರು ಅಂತ ಎಲ್ಲರೂ ಬರೀತಾರೆ, ಹೌದು, ಮಾಡ್ತಾರೆ. ಯಾರ ಹಾಸಿಗೆ ಎಲ್ಲಿಗೆ ಹೋಯ್ತು ಅಂತ ಮಾತ್ರ ನೀವೇ ಕಣ್ಣು ಬಿಟ್ಟು ನೋಡ್ಕೋಬೇಕು. ಅವಳ ಅಮ್ಮನ ಹತ್ರ ಮಾತಾಡಿ, ಅವಳ ಬಟ್ಟೆ ಪುಸ್ತಕ ಎಲ್ಲ ಅಲ್ಲೇ ಇರಲಿ, ಸಂಜೆ ಓದೋಕೂ ಇಲ್ಲೇ ಬರಲಿ, ದೀಪ ಹೇಗೂ ಉರೀತಿರುತ್ತೆ ಅಂದೆ. ಅಲ್ಲಿಂದ ಆ ಹುಡುಗಿ ನನ್ನ ಜೊತೆ ಮಾತಾಡೋಕೆ ಶುರು ಮಾಡಿದ್ದು.

ಆಮೇಲೆ ನೀರು. ಕೈಪಂಪಿನ ಹತ್ರ ಸಾಲು, ಆಮೇಲೆ ಏರು ದಾರಿ. ಬಕೆಟ್ಟು 20 ಲೀಟರ್‌ದು, ಅಂದ್ರೆ ತಲೆ ಮೇಲೆ 20 ಕೆಜಿ. ಸ್ನಾನಕ್ಕೆ, ಬಟ್ಟೆಗೆ ಅಂತ ನೀವು ಆರಾಮಾಗಿ ಎರಡು ಬಕೆಟ್ ಖರ್ಚು ಮಾಡಿದ್ರೆ ಆ ಎರಡು ಬಕೆಟ್ಟನ್ನ ಯಾರೋ ಹೊತ್ತು ತಂದಿದ್ದಾರೆ. ಹೊರೋದು ಆ ಮನೆಯ ಗಂಡಸರಲ್ಲ. ಸೌದೆಯೂ ಅಷ್ಟೇ. ನೀವು ಊರಿಗೆ ಏನು ಕೊಡ್ತೀರಿ ಅನ್ನೋದು ವರ್ಷದ ಕೊನೆಗೆ ಗೊತ್ತಾಗುತ್ತೆ, ನಿಮ್ಮಿಂದ ಆ ಮನೆ ಹೆಂಗಸಿಗೆ ಎಷ್ಟು ಕೆಲಸ ಹೆಚ್ಚಾಯ್ತು ಅನ್ನೋದು ಮೊದಲನೇ ದಿನವೇ ಶುರು.

"ನಾನೂ ಸಹಾಯ ಮಾಡಲಾ" ಅಂತ ಕೇಳಬೇಡಿ. ಬೇಡ ಅಂತಲೇ ಉತ್ತರ ಬರೋದು, ಅತಿಥಿ ಅಲ್ವಾ. ಅತಿಥಿ ಪಟ್ಟದಿಂದ ಇಳಿಯೋಕೆ ತಿಂಗಳುಗಳು ಬೇಕು. ಯಾರೂ ಕಾವಲು ಕಾಯದ ಕೆಲಸ ಯಾವುದು ಅಂತ ನೋಡ್ಕೊಂಡು ಸುಮ್ಮನೆ ಹೋಗಿ ಕೂತುಬಿಡಿ. ನನಗೆ ಸಿಕ್ಕಿದ್ದು ಶೇಂಗಾ ಸುಲಿಯೋದು. ಸುಗ್ಗಿ ಆದ್ಮೇಲೆ ಸಂಜೆ ಹೊತ್ತು ಹೆಂಗಸರೆಲ್ಲ ಚಾಪೆ ಹಾಕ್ಕೊಂಡು ರಾಶಿ ಸುತ್ತ ಕೂರೋರು. ಒಂದು ಗಂಟೆ ಆಗೋ ಹೊತ್ತಿಗೆ ಹೆಬ್ಬೆರಳ ತುದಿ ಉರಿಯೋಕೆ ಶುರು, ಉಗುರೊಳಗೆ ಕೆಂಪು ಸಿಪ್ಪೆ. ಅವರು ನೋಡದೇನೇ ಟಕ್ ಟಕ್ ಅಂತ ಸುಲಿಯೋರು, ನಾನು ಒಂದೊಂದನ್ನೇ. ಕೈಗೆ ಕೆಲಸ ಇದ್ರೆ ಬಾಯಿಗೆ ಸಂಕೋಚ ಇರಲ್ಲ. ಚಿಚೇವಾ ಭಾಷೆ ನಾನು ಕಲಿತದ್ದು ತರಬೇತಿಯಲ್ಲಲ್ಲ, ಆ ಚಾಪೆ ಮೇಲೆ. ಯಾರ ಗಂಡ ದಕ್ಷಿಣ ಆಫ್ರಿಕಾಕ್ಕೆ ಕೂಲಿಗೆ ಹೋದವನು ದುಡ್ಡು ಕಳಿಸ್ತಿಲ್ಲ, ಆರೋಗ್ಯ ಕೇಂದ್ರಕ್ಕೆ ಜನ ಯಾಕೆ ಬರ್ತಿಲ್ಲ, ಎಲ್ಲ ಗೊತ್ತಾದದ್ದೂ ಅಲ್ಲೇ. ಆಫೀಸಲ್ಲಿ ಕೂತಿದ್ರೆ ಇನ್ನೊಂದು ಸಮೀಕ್ಷೆ ಮಾಡಿಸೋಣ ಅಂತಿದ್ರು.

ಒಂದಿನ ಒಣಗೋಕೆ ಹಾಕಿದ್ದ ಜೋಳದ ಮೇಲೆ ಮಳೆ ಬಂತು. ಮನೆಯಾಕೆ ಮಕ್ಕಳ ಹೆಸರು ಕೂಗ್ತಾ ಕೂಗ್ತಾ ಅದರ ಜೊತೇಲೇ ನನ್ನ ಹೆಸರನ್ನೂ ಕೂಗಿದ್ಲು, ಅದೇ ಗದರೋ ದನಿಯಲ್ಲಿ. ಅಷ್ಟು ಖುಷಿ ಆ ವರ್ಷ ಇನ್ಯಾವುದಕ್ಕೂ ಆಗಿಲ್ಲ.

ದೂರದಾರಿ
ಗೋಧೂಳಿ ಅವರೇ, ಎರಡು ಸಲ ಓದಿದೆ. ಆ ಮನೆಗೆ ನಾವು ಬಾಡಿಗೆ ಥರ ಏನಾದ್ರೂ ಕೊಡಬೇಕಾ? ಕೊಟ್ರೆ ತಪ್ಪು ತಿಳ್ಕೋತಾರಾ?

ಗೋಧೂಳಿ
ಕೊಡಲೇಬೇಕು, ಆದ್ರೆ ನೀವು ಕೈಯಾರೆ ಕೊಡೋದಲ್ಲ. ಸಂಸ್ಥೆ ಕೊಡಬೇಕು, ಎಷ್ಟು ಅಂತ ಮನೆಯವರ ಜೊತೆ ಮೊದಲೇ ಮಾತಾಗಿರಬೇಕು. ಮುಖ್ಯ ಪ್ರಶ್ನೆ ಇದು: ದುಡ್ಡು ಯಾರ ಕೈಗೆ ಹೋಗುತ್ತೆ? ಗಂಡನ ಕೈಗೆ ಹೋಗಿ ಹೊರೆ ಹೆಂಡತಿ ತಲೆ ಮೇಲೆ ಬಂದ್ರೆ ನಿಮ್ಮ ಮೇಲೆ ಆಕೆಗೆ ಸಿಟ್ಟು ಬರೋದು ನ್ಯಾಯವೇ.

ಹಳೇಚಪ್ಪಲಿ
ಮನೆಯವರ ಜೊತೆ ಇರೋದಕ್ಕೆ ಹಳೇ ಸಂಸ್ಥೆಗಳು ಒಂದು ಪದ್ಧತಿ ಮಾಡ್ಕೊಂಡಿವೆ. ಅಮೆರಿಕದ ಪೀಸ್ ಕೋರ್ ನೋಡಿ, ಹೊರದೇಶಗಳಿಗೆ ವಾಲಂಟಿಯರ್‌ಗಳನ್ನ ಕಳಿಸೋ ಅಲ್ಲಿನ ಸರ್ಕಾರದ ಸಂಸ್ಥೆ, 1961ರಲ್ಲಿ ಅಧ್ಯಕ್ಷ ಕೆನಡಿ ಶುರು ಮಾಡಿದ್ದು. ಮೊದಲ ವರ್ಷವೇ ಜನ ಹೋದ ದೇಶಗಳಲ್ಲಿ ಘಾನಾ, ಟಾಂಗನಿಕಾ (ಇವತ್ತಿನ ಟಾಂಜಾನಿಯಾದ ದೊಡ್ಡ ಭಾಗ) ಎರಡೂ ಇದ್ವು. ಅವರ ಅವಧಿ 27 ತಿಂಗಳು. ಅದರಲ್ಲಿ ಮೊದಲ ಮೂರು ತಿಂಗಳು ತರಬೇತಿ, ಅಷ್ಟೂ ದಿನ ಸ್ಥಳೀಯ ಕುಟುಂಬದ ಜೊತೆ ವಾಸ. ಹಗಲು ಭಾಷಾ ಪಾಠ, ಸಂಜೆ ಮನೆ. ಆಮೇಲೇ ಕೆಲಸದ ಜಾಗಕ್ಕೆ ಕಳಿಸೋದು. ನಾವು ಅಮೆರಿಕದವರಲ್ಲ, ಅದಕ್ಕೆ ಸೇರೋಕಾಗಲ್ಲ, ಆದ್ರೆ ಅಳತೆಗೋಲಾಗಿ ಇಟ್ಕೊಳ್ಳಿ. ನಿಮ್ಮ ಸಂಸ್ಥೆ ಭಾಷೆಗೆ ಎಷ್ಟು ವಾರ ಕೊಡುತ್ತೆ? ಎರಡು ದಿನದ ಓರಿಯಂಟೇಶನ್ ಅಂದ್ರೆ ಯೋಚನೆ ಮಾಡಿ.

ನಿಮಗಂತೂ ಭಾಷೆ ಇನ್ನೂ ಮುಖ್ಯ. ಟಾಂಜಾನಿಯಾದ ಸರ್ಕಾರಿ ಪ್ರಾಥಮಿಕ ಶಾಲೆ ಪೂರ್ತಿ ಸ್ವಾಹಿಲಿ. ಪ್ರೌಢಶಾಲೆಗೆ ಬಂದ ಕೂಡಲೇ ಎಲ್ಲ ಇಂಗ್ಲಿಷ್. ಮೊದಲ ವರ್ಷದ ಮಕ್ಕಳಿಗೆ ಭಿನ್ನರಾಶಿ ಗೊತ್ತಿರುತ್ತೆ, ನೀವು ಕೇಳಿದ ಪ್ರಶ್ನೆ ಗೊತ್ತಾಗಲ್ಲ. ಸುಮ್ಮನೆ ಕೂತಿರ್ತಾರೆ, ದಡ್ಡರು ಅನ್ನಿಸುತ್ತೆ. ಸ್ವಾಹಿಲಿಯಲ್ಲಿ ಕೂಡಿಸು, ಕಳೆ, ಭಾಗಿಸು, ಯಾಕೆ, ಹೇಗೆ ಇಷ್ಟು ಬಂದ್ರೂ ತರಗತಿ ಬೇರೆಯೇ ಆಗುತ್ತೆ. ನಾನು ಅದೇ ದೇಶದಲ್ಲಿ ಭೌತಶಾಸ್ತ್ರ ಹೇಳಿದವನು, ಅದಕ್ಕೇ ಹೇಳ್ತಿದೀನಿ.

ಕಹಿಗುಳಿಗೆ
ಎಲ್ಲ ಚೆಂದ. ಈಗ ಬೇಡದ ಪ್ರಶ್ನೆ ಕೇಳ್ತೀನಿ, ಬೈಬೇಡಿ. ವಿಮಾನ, ವೀಸಾ, ಇನ್ಶೂರೆನ್ಸು, ತರಬೇತಿ ಎಲ್ಲದರ ಖರ್ಚಲ್ಲಿ ಅಲ್ಲಿನ ಗಣಿತ ಮೇಷ್ಟ್ರಿಗೆ ಸಂಬಳ ಕೊಡೋಕಾಗಲ್ವಾ? ಅಲ್ಲಿ ಓದಿ ಕೆಲಸ ಸಿಗದ ಮೇಷ್ಟ್ರುಗಳೇ ಇಲ್ವಾ? 1968ರಲ್ಲಿ ಮೆಕ್ಸಿಕೊದ ಕುವೆರ್ನವಾಕಾದಲ್ಲಿ ಇವಾನ್ ಇಲಿಚ್ ಅನ್ನೋ ಚಿಂತಕ ಅಮೆರಿಕದ ವಿದ್ಯಾರ್ಥಿ ವಾಲಂಟಿಯರ್‌ಗಳ ಮುಂದೇನೇ ನಿಂತು ಇದನ್ನೇ ಹೇಳಿದ: ನೋಡೋಕೆ ಬನ್ನಿ, ಓದೋಕೆ ಬನ್ನಿ, ಬೆಟ್ಟ ಹತ್ತೋಕೆ ಬನ್ನಿ, ಸಹಾಯ ಮಾಡ್ತೀವಿ ಅಂತ ಮಾತ್ರ ಬರಬೇಡಿ. ಐವತ್ತು ವರ್ಷ ದಾಟಿದೆ, ಇನ್ನೂ ಯಾರೂ ಸರಿಯಾದ ಉತ್ತರ ಕೊಟ್ಟಿಲ್ಲ.

ಹಳೇಚಪ್ಪಲಿ
ಪ್ರಶ್ನೆ ಬೇಕಾದದ್ದೇ. ಹೋಗೋ ಪ್ರತಿಯೊಬ್ಬರೂ ಕೇಳಬೇಕು: ನಾನು ಇಲ್ಲದಿದ್ರೆ ಈ ಕುರ್ಚಿಗೆ ಸ್ಥಳೀಯರನ್ನ ತಗೊಳ್ತಿದ್ರಾ? ಹೌದು ಅಂದ್ರೆ ಹೋಗಬಾರದು. ಅಲ್ಲಿಗೆ ನಿಮ್ಮ ಮಾತು ಪೂರ್ತಿ ಒಪ್ತೀನಿ.

ಆದ್ರೆ ಆ ಟೀಕೆಯನ್ನ ಸಂಸ್ಥೆಗಳು ಕೇಳಿಸ್ಕೊಂಡೇ ಇಲ್ಲ ಅನ್ನೋದು ಸರಿಯಲ್ಲ. ಬ್ರಿಟನ್ನಿನ ವಿಎಸ್ಓ ಅನ್ನೋ ಸ್ವಯಂಸೇವಾ ಸಂಸ್ಥೆ 1958ರಲ್ಲಿ ಶುರುವಾದಾಗ ಶಾಲೆ ಮುಗಿಸಿದ ಹುಡುಗರನ್ನ ಕಳಿಸ್ತಿತ್ತು. ಈಗ ಅವರ ವಾಲಂಟಿಯರ್‌ಗಳಲ್ಲಿ ಹೆಚ್ಚಿನವರು ಆಯಾ ದೇಶದವರೇ. ವಿಶ್ವಸಂಸ್ಥೆಯ ಸ್ವಯಂಸೇವಕ ಯೋಜನೆ 1970ರದ್ದು, ಅದರಲ್ಲೂ ಬಹುಪಾಲು ಜನ ಬಡ ಮತ್ತು ಬೆಳೆಯುತ್ತಿರೋ ದೇಶಗಳಿಂದಲೇ ಬರ್ತಾರೆ. ಶ್ರೀಮಂತ ದೇಶದವನು ಬಡ ದೇಶಕ್ಕೆ ಇಳಿದು ಬರೋದು ಅನ್ನೋ ಚಿತ್ರ ಹಳೇದಾಯ್ತು.

ಕಹಿಗುಳಿಗೆ
ಅರ್ಧ ಒಪ್ಪಿದೆ. ಉಳಿದರ್ಧ ನನ್ನ ಹತ್ರಾನೇ ಇರಲಿ.

ಆಚೆದಡ
ನಾನು ಇನ್ನೊಂದು ಬದಿಯಿಂದ ಬರೀತೀನಿ. ಚಿಕ್ಕವಳಿದ್ದಾಗ ನಮ್ಮ ಮನೇಲಿ ವಿದೇಶದ ವಾಲಂಟಿಯರ್‌ಗಳು ಉಳ್ಕೊಳ್ತಿದ್ರು. ಅಪ್ಪ ಒಂದು ಸಂಸ್ಥೆಯಲ್ಲಿದ್ರು, ಅವರೇ ಕರ್ಕೊಂಡು ಬರೋರು.

ಅಮ್ಮ ಒಂದು ದಿನವೂ ಬೇಡ ಅಂದವಳಲ್ಲ, ಬೇಕು ಅಂತಲೂ ಅವಳನ್ನ ಯಾರೂ ಕೇಳಿರಲಿಲ್ಲ. ಅವರಿಗೆ ನೀರು ಕಾಯಿಸಿ ಆರಿಸಿ ಬೇರೆ ಇಡೋದು, ಅವರಿದ್ದಷ್ಟು ದಿನ ನಾವು ಜಗಳ ಆಡೋ ಹಾಗಿಲ್ಲ. ಹೊಟ್ಟೆ ಕೆಟ್ಟು ಮಲಗಿದ್ರೆ ಅಮ್ಮನಿಗೆ ತಪ್ಪಿತಸ್ಥೆ ಅನ್ನೋ ಮುಖ. ಹುಡುಗನೊಬ್ಬ ಬೆಳಗಿಂದ ರಾತ್ರಿವರೆಗೆ ಡೈರಿ ಬರೀತಿದ್ದ, ನಮ್ಮನ್ನೇ ನೋಡಿ ನೋಡಿ ಬರೆಯೋನು. ಅದರಲ್ಲಿ ಏನಿದೆ ಅಂತ ನಮಗೆ ಇವತ್ತಿಗೂ ಗೊತ್ತಿಲ್ಲ. ಎಲ್ಲರೂ ಫೋಟೋ ತೆಗೆದ್ರು. ಪ್ರಿಂಟ್ ಹಾಕಿಸಿ ಅಂಚೆಯಲ್ಲಿ ಕಳಿಸಿದವಳು ಒಬ್ಬಳೇ, ಅದಕ್ಕೇ ಅವಳ ಹೆಸರು ಮಾತ್ರ ನೆನಪಿದೆ.

ಎಲ್ಲರಿಗಿಂತ ಮನೆಗೆ ಹಿಡಿಸಿದವನು ಯಾರು ಗೊತ್ತಾ? ನಿದ್ದೆಗಣ್ಣಿನ ಒಬ್ಬ ದಡಿಯ. ಊರಿಗೆ ಅವನಿಂದ ಏನಾಯ್ತೋ ಗೊತ್ತಿಲ್ಲ. ಆದ್ರೆ ಅಜ್ಜಿಯ ಜೊತೆ ಜಗಲಿ ಮೇಲೆ ಗಂಟೆಗಟ್ಟಲೆ ಕೂರೋನು, ಒಂದು ಮಾತೂ ಅರ್ಥವಾಗದೆ. ಅಜ್ಜಿಗೆ ಆಗಲೇ ಕಿವಿ ಮಂದ, ಅವನಿಗೆ ಭಾಷೆ ಬಾರದು, ಇಬ್ಬರಿಗೂ ಸಮ. ಮನೆಯಲ್ಲಿ ಉಳಿದ ನಮಗೆಲ್ಲ ಅಜ್ಜಿಯ ಹತ್ರ ಕೂರೋಕೆ ಪುರುಸೊತ್ತೇ ಇರಲಿಲ್ಲ.

ಗೋಧೂಳಿ
ಫೋಟೋ ವಿಷಯ ಬಂದದ್ದು ಒಳ್ಳೇದಾಯ್ತು. ದೂರದಾರಿ ಅವರೇ, ಆ ಮನೆಯ ಮಕ್ಕಳ ಮುಖ ಇನ್‌ಸ್ಟಾಗ್ರಾಂಗೆ ಹಾಕೋ ಮುಂಚೆ ಇಷ್ಟು ಯೋಚಿಸಿ: ನಿಮ್ಮ ಶಾಲೆಯ ಮಕ್ಕಳದ್ದಾಗಿದ್ರೆ ಹಾಕ್ತಿದ್ರಾ?

ಬಿಳಿಕೋಟು
ಬೇಜಾರಾಗೋ ಕಾಲದ ಬಗ್ಗೆ ಯಾರೂ ಹೇಳಲಿಲ್ಲ. 1955ರಲ್ಲಿ ಲಿಸ್ಗಾರ್ಡ್ ಅನ್ನೋ ನಾರ್ವೆಯ ಸಮಾಜಶಾಸ್ತ್ರಜ್ಞ, ಅಮೆರಿಕಕ್ಕೆ ಹೋಗಿದ್ದ ತನ್ನ ದೇಶದ ಫುಲ್‌ಬ್ರೈಟ್ (ಅಮೆರಿಕ ಸರ್ಕಾರದ ವಿದ್ಯಾರ್ಥಿವೇತನ) ವಿದ್ವಾಂಸರನ್ನ ಮಾತಾಡಿಸಿ ಬರೆದ. ಆರು ತಿಂಗಳಿಗಿಂತ ಕಮ್ಮಿ ಇದ್ದವರು ಖುಷಿಯಾಗಿದ್ರು, ಒಂದೂವರೆ ವರ್ಷ ದಾಟಿದವರೂ ಖುಷಿಯಾಗಿದ್ರು, ನಡುವಿನವರೇ ಸೊರಗಿದ್ದು. ಎಲ್ಲರಿಗೂ ಹಾಗೇ ಆಗುತ್ತೆ ಅಂತಿಲ್ಲ, ಆಮೇಲೆ ಬಂದ ಅಧ್ಯಯನಗಳೆಲ್ಲ ಅದನ್ನ ಒಪ್ಪಿಲ್ಲ. ಆದ್ರೆ ನಿಮ್ಮ ಒಂದು ವರ್ಷ ಸರಿಯಾಗಿ ಆ ನಡುವಿನ ಜಾಗಕ್ಕೇ ಬರುತ್ತೆ. ಏಳನೇ ತಿಂಗಳಲ್ಲಿ ಎಲ್ಲರ ಮೇಲೂ ಸಿಡಿಸಿಡಿ ಅನ್ನಿಸಿದ್ರೆ ನಿಮ್ಮಲ್ಲೇ ಏನೋ ಕೊರತೆ ಅಂದ್ಕೋಬೇಡಿ. ಬಾಗಿಲು ಹಾಕ್ಕೊಂಡು ಒಂದು ಭಾನುವಾರ ಕನ್ನಡ ಪುಸ್ತಕ ಓದಿ. ಬಾಗಿಲು ಹಾಕೋದನ್ನ ಮನೆಯವರು ಕಾಯಿಲೆ ಅಂದ್ಕೋತಾರೆ, ಮೊದಲೇ ಹೇಳಿಡಿ.

ಬಿಸಿಲ್ಗುದುರೆ
ಸಾಲಾ ಕೇಳ್ತಾರ ನೋಡ್ರಿ, ಅದಕ್ಕೂ ತಯಾರಿರ್ರಿ. ನಾ ಹೊಲದಾಗಿದ್ದಾಂವ, ನನಗ ಯಾರೂ ಕೇಳಲಿಲ್ಲ. ಆದ್ರ ನನ್ನ ಗೆಳತಿಗೆ ಊರ ಮಂದಿ ಎಲ್ಲಾ ಕೇಳಿದ್ರಂತ.

ಗೋಧೂಳಿ
ಹೌದು, ಕೇಳ್ತಾರೆ. ಕೇಳೋದು ಅಲ್ಲಿ ನಾಚಿಕೆ ವಿಷಯವೂ ಅಲ್ಲ, ಇದ್ದವರನ್ನ ಇಲ್ಲದವರು ಕೇಳ್ತಾರೆ ಅಷ್ಟೇ. ನಾನು ಯಾರೇ ಕೇಳಿದ್ರೂ "ಮನೆಯಮ್ಮನ ಹತ್ರ ಮಾತಾಡಿ" ಅಂತಿದ್ದೆ. ಯಾರಿಗೆ ನಿಜಕ್ಕೂ ಕಷ್ಟ, ಯಾರು ಕುಡಿಯೋಕೆ ಕೇಳ್ತಿದ್ದಾರೆ, ಅವಳಿಗೆ ಗೊತ್ತಿತ್ತು. ಅವಳ ಮಾತಿಗೆ ಊರಲ್ಲಿ ಸ್ವಲ್ಪ ತೂಕವೂ ಬಂತು, ಅದು ಅವಳಿಗೆ ಇಷ್ಟವಾಯ್ತು ಅಂತ ನನ್ನ ಗುಮಾನಿ.

ಹಳೇಚಪ್ಪಲಿ
ನನ್ನಿಂದ ಕೊನೇದು ಒಂದು. ಯಾವಾಗ ಬೇಕಾದ್ರೂ ಹೊರಡಬೇಕಾಗಬಹುದು ಅಂತ ಇಟ್ಕೊಂಡು ಕೆಲಸ ಮಾಡಿ. 2020ರ ಮಾರ್ಚ್‌ನಲ್ಲಿ ಕೊರೊನಾ ಬಂದಾಗ ಪೀಸ್ ಕೋರ್ ಸುಮಾರು 7,000 ಜನರನ್ನ 60ಕ್ಕೂ ಹೆಚ್ಚು ದೇಶಗಳಿಂದ ಒಟ್ಟಿಗೆ ವಾಪಸ್ ಕರೆಸ್ಕೊಳ್ತು, ಅವರ ಇತಿಹಾಸದಲ್ಲೇ ಮೊದಲ ಸಲ. ಎಷ್ಟೋ ಜನಕ್ಕೆ ಮನೆಯವರಿಗೆ ಹೇಳಿ ಬರೋಕೂ ಸಮಯ ಸಿಗಲಿಲ್ಲ. ನಡುವೆ ಕೈಬಿಟ್ಟ ತರಗತಿ ಯಾರು ನೋಡ್ಕೋಬೇಕು? ಅದಕ್ಕೇ ಪಕ್ಕದಲ್ಲಿ ಸ್ಥಳೀಯ ಮೇಷ್ಟ್ರು ಒಬ್ಬರು ಮೊದಲ ದಿನದಿಂದ ಇರಬೇಕು. ನೀವು ಅವರ ತರಗತಿಗೆ ಹೋಗಿ ಕೂರಿ, ಅವರು ನಿಮ್ಮದಕ್ಕೆ ಬರಲಿ. ಪಾಠದ ಟಿಪ್ಪಣಿ ಅವರ ಹತ್ರಾನೂ ಒಂದು ಪ್ರತಿ ಇರಲಿ.

ದೂರದಾರಿ
ಎಲ್ಲರಿಗೂ ಋಣಿ. ಇಷ್ಟು ದಿನ ಏನಾಯ್ತು ಅಂತ ಹೇಳ್ತೀನಿ.

ಆಶ್ರಮದವರಿಗೆ ಬೇಡ ಅಂತ ಬರೆದೆ. "ನಿರ್ಧಾರ ಬದಲಿಸಿದ್ರೆ ರಿಯಾಯಿತಿ ಕೊಡ್ತೀವಿ" ಅಂತ ಅದೇ ದಿನ ಉತ್ತರ ಬಂತು. ನಿರ್ಧಾರ ಇನ್ನೂ ಗಟ್ಟಿಯಾಯ್ತು.

ಟಾಂಜಾನಿಯಾದ ಸಂಸ್ಥೆಗೆ ಉದ್ದ ಪಟ್ಟಿ ಕಳಿಸಿದೆ. ಭಾಷೆಗೆ ಆರು ವಾರ, ಜಿಲ್ಲಾ ಕೇಂದ್ರದಲ್ಲಿ. ಕ್ಲಾಸ್ ಸಿ ಪರವಾನಗಿ ಅವರೇ ಮಾಡಿಸ್ತಾರೆ. ಗಣಿತ ಮೇಷ್ಟ್ರು ಒಬ್ಬರಿದ್ದಾರೆ, ಇನ್ನೊಂದು ಹುದ್ದೆ ಬಹಳ ದಿನದಿಂದ ಖಾಲಿ. ಭರ್ತಿ ಆದ್ರೆ ನನ್ನನ್ನ ಬೇರೆ ಶಾಲೆಗೆ ಹಾಕ್ತಾರಂತೆ, ಅದನ್ನ ಕಾಗದದಲ್ಲಿ ಬರೆದುಕೊಡಿ ಅಂದೆ, ಕೊಟ್ರು. ಮನೆಯ ದುಡ್ಡು ಯಾರ ಕೈಗೆ ಅಂತ ಕೇಳಿದ್ದಕ್ಕೆ ಫೋನಿನ ಆ ಕಡೆ ಇದ್ದಾಕೆ ನಕ್ಕುಬಿಟ್ರು. "ಇದನ್ನ ಕೇಳಿದವರು ಕಮ್ಮಿ. ಮನೆಯಾಕೆಯ ಮೊಬೈಲ್ ಖಾತೆಗೆ ಹಾಕ್ತೀವಿ" ಅಂದ್ರು. ನನಗೆ ಕೊಡೋ ಕೋಣೆಯಲ್ಲಿ ಈಗ ಯಾರಿದ್ದಾರೆ ಅಂತಲೂ ಕೇಳಿದೆ. ವಿಚಾರಿಸಿ ಹೇಳ್ತೀವಿ ಅಂದಿದ್ದಾರೆ.

ಅಪ್ಪ ಅಮ್ಮ ಇನ್ನೂ ಒಪ್ಪಿಲ್ಲ. ಅದಕ್ಕೆ ಇಲ್ಲಿ ಯಾರ ಹತ್ರಾನೂ ಔಷಧ ಇರಲಾರದು.

ಹಳೇಚಪ್ಪಲಿ
ಒಂದು ಸಲ ಅವರನ್ನೂ ಆ ಫೋನಿನ ಆಕೆಯ ಜೊತೆ ಮಾತಾಡಿಸಿ. ನಮ್ಮಮ್ಮ ಒಪ್ಪಿದ್ದು ಹಾಗೇ.

ಗೋಧೂಳಿ
ಕೋಣೆ ಬಗ್ಗೆ ವಿಚಾರಿಸುವಾಗ ಇನ್ನೆರಡು ಸೇರಿಸಿ. ಬಾಗಿಲಿಗೆ ಒಳಗಿನಿಂದ ಚಿಲಕ ಇದ್ಯಾ, ಶೌಚಾಲಯ ಮನೆಯಿಂದ ಎಷ್ಟು ದೂರ. ರಾತ್ರಿ ಹೊತ್ತು ಅಲ್ಲಿಗೆ ಹೋಗೋ ದಾರಿ ಹೇಗಿದೆ ಅಂತಲೂ ಕೇಳಿ. ಒಳ್ಳೇ ಟಾರ್ಚು ಇಲ್ಲಿಂದಲೇ ತಗೊಂಡು ಹೋಗಿ, ಮನೆಯವರಿಗೂ ಒಂದು.